ವಾಟರ್ ಸರ್ವಿಸ್ ಯಂತ್ರ: ಕೆಡುವುದು ಎಲ್ಲಿ, ಬಾಳುವುದು ಹೇಗೆ?

ಊರಿನಿಂದ ಹೊರಡುವ ಯಾವುದೇ ಹೆದ್ದಾರಿಯ ಮಗ್ಗುಲಲ್ಲಿ ‘ವಾಟರ್ ಸರ್ವಿಸ್’ ಎಂಬ ಫಲಕವೊಂದು ಕಣ್ಣಿಗೆ ಬೀಳದೆ ಇರದು. ತಗಡಿನ ಮಾಡು, ವಾಹನ ಹತ್ತಿಸುವ ಸಿಮೆಂಟಿನ ಇಳಿಜಾರು, ಮೂಲೆಯಲ್ಲಿ ಗಡಗಡಿಸುವ ಪಂಪು, ಮೊಣಕಾಲವರೆಗೆ ಒದ್ದೆಯಾಗಿ ಗನ್ ಹಿಡಿದು ನಿಂತ ಇಬ್ಬರು ಕೆಲಸಗಾರರು. ಇಷ್ಟಿದ್ದರೆ ಅಂಗಡಿ ಸಿದ್ಧ. ದೊಡ್ಡ ಬಂಡವಾಳವಾಗಲಿ ದೊಡ್ಡ ಓದಾಗಲಿ ಬೇಡದ ಉದ್ಯೋಗವೆಂದು ನಂಬಿ, ಸಾಲ ಮಾಡಿ ಇದಕ್ಕೆ ಕೈಹಾಕುವವರು ಬಹಳ. ಆದರೆ ಆರು ತಿಂಗಳು ಕಳೆಯುವಷ್ಟರಲ್ಲಿ ಪಂಪು ಕೆಟ್ಟು, ದುರಸ್ತಿಗೆ ಹೋದ ಯಂತ್ರ ಮರಳಿ ಬರುವಷ್ಟರಲ್ಲಿ ಕಾಯಂ ಗಿರಾಕಿಗಳು ಪಕ್ಕದ ಅಂಗಡಿಗೆ ಹೊರಳಿರುವುದು ಈ ಕಸುಬಿನಲ್ಲಿ ಹೊಸದೇನಲ್ಲ.

ಇದರ ಜೊತೆಗೆ ಬೆಂಗಳೂರಿನವರಿಗೆ ಇನ್ನೊಂದು ಪೆಟ್ಟು ಬಿದ್ದದ್ದು 2024ರ ಮಾರ್ಚ್‌ನಲ್ಲಿ. ಕೊಳವೆಬಾವಿಗಳು ಬತ್ತಿ ನಗರ ಕಂಗಾಲಾಗಿದ್ದ ಆ ದಿನಗಳಲ್ಲಿ ಬೆಂಗಳೂರು ಜಲಮಂಡಳಿಯು ವಾಹನ ತೊಳೆಯಲು ಕುಡಿಯುವ ನೀರನ್ನು ಬಳಸುವುದನ್ನು ನಿಷೇಧಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ಎಂದು ಆದೇಶ ಹೊರಡಿಸಿತು. 2025ರ ಫೆಬ್ರವರಿಯಲ್ಲಿ, ಬೇಸಿಗೆ ಕಾಲಿಡುವ ಮೊದಲೇ, ಅಂಥದೇ ಆದೇಶ ಮತ್ತೆ ಬಂತು. ಹೀಗಾಗಿ ಕಡಿಮೆ ನೀರಿನಲ್ಲಿ, ಕಡಿಮೆ ಹೊತ್ತಿನಲ್ಲಿ, ಯಂತ್ರ ಕೆಡದಂತೆ ತೊಳೆಯುವುದು ಹೇಗೆ ಎಂಬುದು ಈ ಕಸುಬನ್ನು ನಂಬಿದವರಿಗೆ ಅಂಗಡಿ ಉಳಿಯುವ ಅಥವಾ ಮುಚ್ಚುವ ಪ್ರಶ್ನೆಯಾಗಿದೆ.

ಉತ್ತರ ಅನೇಕರು ಹುಡುಕುವ ಕಡೆ ಇಲ್ಲ. ಕೊಳೆ ಹೋಗದಿದ್ದರೆ ಒತ್ತಡ ಸಾಲದೆಂದು ತಿಳಿದು ಹೆಚ್ಚು ‘ಬಾರ್’ ಇರುವ ಯಂತ್ರಕ್ಕೆ ಹಣ ಸುರಿಯುವುದು ವಾಡಿಕೆ. ಯಂತ್ರದ ಆಯುಸ್ಸು ನಿರ್ಧಾರವಾಗುವುದಾದರೋ ಎರಡು ಅಗ್ಗದ ಜಾಗಗಳಲ್ಲಿ: ಪಂಪಿಗೆ ನೀರು ಒಳಬರುವ ಪೈಪಿನಲ್ಲಿ ಮತ್ತು ಗನ್ನಿನ ತುದಿಯ ನಾಝಲ್ಲಿನ ತೂತಿನಲ್ಲಿ.

ಒತ್ತಡದ ಲೆಕ್ಕ

ಮೊದಲು ಯಂತ್ರದ ಮರ್ಮವನ್ನು ತಿಳಿಯೋಣ. ಕಾರಿನ ಟೈರಿಗೆ ನಾವು ತುಂಬುವ ಗಾಳಿಯ ಒತ್ತಡ ಸುಮಾರು 2.2 ಬಾರ್. ವೃತ್ತಿಪರ ತೊಳೆಯುವ ಯಂತ್ರದಲ್ಲಿ ಸಾಮಾನ್ಯವಾಗಿ 150 ಬಾರ್ ಇರುತ್ತದೆ. ಅಂದರೆ ಟೈರಿನ ಸುಮಾರು 70 ಪಟ್ಟು. ಮೂರು ಪಿಸ್ಟನ್‌ಗಳು ಒಂದರ ಹಿಂದೊಂದು ನೀರನ್ನು ದಬ್ಬುತ್ತವೆ, ಆ ನೀರು ಒಂದೂವರೆ ಮಿಲಿಮೀಟರಿಗೂ ಕಿರಿದಾದ ತೂತಿನಿಂದ ಹೊರನುಗ್ಗುತ್ತದೆ. 150 ಬಾರ್‌ನಲ್ಲಿ ಅದರ ವೇಗ, ಭೌತಶಾಸ್ತ್ರದ ಲೆಕ್ಕದಂತೆ, ಸೆಕೆಂಡಿಗೆ 170 ಮೀಟರಿಗೂ ಮಿಗಿಲು. ಗಂಟೆಗೆ 600 ಕಿಲೋಮೀಟರಿಗೂ ಹೆಚ್ಚು. ಕೊಳೆಯನ್ನು ಕಿತ್ತೆಬ್ಬಿಸುವುದು ಈ ವೇಗ. ಎದ್ದ ಕೊಳೆಯನ್ನು ಹೊತ್ತೊಯ್ಯುವುದು ನೀರಿನ ಪ್ರಮಾಣ. ಎರಡೂ ಸೇರಿದರೆ ಮಾತ್ರ ಕೆಲಸ ಮುಂದೆ ಸಾಗುತ್ತದೆ. ಮಣ್ಣು ಮೆತ್ತಿದ ಟಿಪ್ಪರ್ ಲಾರಿಯ ಅಡಿಭಾಗಕ್ಕೆ ಪ್ರಮಾಣವೇ ಮುಖ್ಯ. ಅಲ್ಲಿ ಕಡಿಮೆ ನೀರಿನ, ಹೆಚ್ಚು ಒತ್ತಡದ ಯಂತ್ರ ಮಣ್ಣಿನಲ್ಲಿ ಗೆರೆ ಕೊರೆಯುತ್ತದೆಯೇ ಹೊರತು ಮಣ್ಣನ್ನು ಇಳಿಸುವುದಿಲ್ಲ.

ಯಂತ್ರ ಕೊಳ್ಳುವವರು ನೆನಪಿಡಬೇಕಾದ ಲೆಕ್ಕವೊಂದಿದೆ. ಒತ್ತಡವನ್ನು ಬಾರ್‌ನಲ್ಲಿ, ನೀರನ್ನು ನಿಮಿಷಕ್ಕೆ ಇಷ್ಟು ಲೀಟರ್ ಎಂದು ಹಿಡಿದು, ಎರಡನ್ನೂ ಗುಣಿಸಿ 600ರಿಂದ ಭಾಗಿಸಿದರೆ ಬರುವುದು ಬೇಕಾಗುವ ಶಕ್ತಿ, ಕಿಲೋವ್ಯಾಟ್‌ಗಳಲ್ಲಿ. 150 ಬಾರ್, 15 ಲೀಟರ್ ಎಂದರೆ 3.75 ಕಿಲೋವ್ಯಾಟ್. ಪಂಪು, ಬೆಲ್ಟುಗಳಲ್ಲಿ ಸೋರಿಹೋಗುವುದನ್ನು ಸೇರಿಸಿದರೆ ಸುಮಾರು 4.4, ಅಂದರೆ 6 ಅಶ್ವಶಕ್ತಿಯ ಮೋಟಾರು, ಮೂರು ಫೇಸಿನ ವಿದ್ಯುತ್ತು. ಇನ್ನು, 2,000 ವ್ಯಾಟಿನ ಪುಟ್ಟ ಯಂತ್ರವೊಂದರ ಡಬ್ಬಿಯ ಮೇಲೆ ‘200 ಬಾರ್, 10 ಲೀಟರ್’ ಎಂದು ಮುದ್ರಿಸಿದ್ದರೆ ಅದನ್ನೂ ಹೀಗೆಯೇ ಗುಣಿಸಿ ನೋಡಿ. 3.33 ಕಿಲೋವ್ಯಾಟ್ ಬೇಕಾದಲ್ಲಿ 2 ಕಿಲೋವ್ಯಾಟ್ ಮಾತ್ರ ಇದೆ. ಎರಡು ಅಂಕಿಗಳೂ ಒಟ್ಟಿಗೆ ನಿಜವಾಗಿರಲು ಸಾಧ್ಯವೇ ಇಲ್ಲ. ಮನೆಯ ಸ್ಕೂಟರು ತೊಳೆಯಲು ಅಂಥ ಯಂತ್ರ ಅಡ್ಡಿಯಿಲ್ಲ. ಅದನ್ನು ತಂದು ದಿನಕ್ಕೆ ಹತ್ತು ಕಾರು ತೊಳೆಯಲು ಹೊರಟವರು ಮೂರು ತಿಂಗಳಲ್ಲಿ ಇನ್ನೊಂದನ್ನು ಕೊಳ್ಳಬೇಕಾದೀತು.

ಹಸಿದ ಪಂಪು

ಈಗ ಮೊದಲ ಅಗ್ಗದ ಜಾಗಕ್ಕೆ ಬರೋಣ. ಪಂಪು ನೀರನ್ನು ಹುಟ್ಟಿಸುವುದಿಲ್ಲ, ಬಂದದ್ದನ್ನು ದಬ್ಬುತ್ತದೆ. ನಿಮಿಷಕ್ಕೆ 15 ಲೀಟರ್ ದಬ್ಬಲು ಸಿದ್ಧವಾಗಿರುವ ಪಂಪಿಗೆ 10 ಲೀಟರ್ ಮಾತ್ರ ದೊರೆತರೆ ಏನಾಗುತ್ತದೆ? ಪಿಸ್ಟನ್ ಹಿಂದೆ ಸರಿದಾಗ ಒಳಗೆ ಒತ್ತಡ ಎಷ್ಟು ಕುಸಿಯುತ್ತದೆಂದರೆ, ತಣ್ಣೀರೇ ಅಲ್ಲಲ್ಲಿ ಕುದಿದು ಆವಿಯ ಗುಳ್ಳೆಗಳಾಗುತ್ತದೆ. ಮರುಕ್ಷಣ ಪಿಸ್ಟನ್ ಮುಂದೆ ಬಂದಾಗ ಆ ಗುಳ್ಳೆಗಳು ಫಟ್ಟನೆ ಒಡೆದು, ಪ್ರತಿಯೊಂದೂ ಲೋಹಕ್ಕೆ ಸಣ್ಣ ಸುತ್ತಿಗೆಯ ಪೆಟ್ಟು ಕೊಡುತ್ತದೆ. ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಅಲುಗಾಡಿಸಿದಂಥ ಸದ್ದು ಪಂಪಿನಿಂದ ಬರುತ್ತಿದ್ದರೆ ಆಗುತ್ತಿರುವುದು ಇದೇ. ಕೆಲವೇ ದಿನಗಳಲ್ಲಿ ವಾಲ್ವುಗಳ ಮೇಲೆ ಸಿಡುಬಿನ ಕಲೆಯಂಥ ಗುಳಿಗಳು ಬೀಳುತ್ತವೆ, ಸೀಲುಗಳು ಹರಿಯುತ್ತವೆ, ಗನ್ನು ಕೈಯಲ್ಲಿ ನಡುಗತೊಡಗುತ್ತದೆ. ಮೆಕ್ಯಾನಿಕ್ ಬಂದು ಸೀಲು ಬದಲಿಸಿ ಹೋಗುತ್ತಾನೆ. ನೀರಿನ ಕೊರತೆ ಹಾಗೆಯೇ ಉಳಿಯುವುದರಿಂದ ಹೊಸ ಸೀಲೂ ಹೋಗುತ್ತದೆ. ದೂರು ಮಾತ್ರ ಬಿಡಿಭಾಗದ ಮೇಲೆ: ‘ಈಗಿನ ಮಾಲು ಬಾಳಿಕೆ ಬರುವುದಿಲ್ಲ!’

ಪರೀಕ್ಷೆ ಬಹು ಸುಲಭ. ಪಂಪಿಗೆ ಜೋಡಿಸುವ ಪೈಪನ್ನು ಕಳಚಿ, 20 ಲೀಟರಿನ ನೀರಿನ ಕ್ಯಾನಿಗೆ ಹಿಡಿಯಿರಿ. 15 ಲೀಟರಿನ ಪಂಪಾದರೆ ಕ್ಯಾನು ಒಂದು ನಿಮಿಷದೊಳಗೆ ತುಂಬಲೇಬೇಕು. ತುಂಬದಿದ್ದರೆ ದೋಷ ಯಂತ್ರದ್ದಲ್ಲ, ನಲ್ಲಿಯದು. ನೆಲದಡಿಯ ಸಂಪಿನಿಂದ ನೇರವಾಗಿ, ಅದೂ ತೆಳ್ಳನೆಯ ಉದ್ದ ಪೈಪಿನಲ್ಲಿ, ಪಂಪೇ ನೀರನ್ನು ಎಳೆದುಕೊಳ್ಳಲಿ ಎಂದು ಬಿಡುವುದು ನಮ್ಮ ಅಂಗಡಿಗಳಲ್ಲಿ ಸರ್ವೇಸಾಮಾನ್ಯ. ಇದರ ಬದಲು 500 ಲೀಟರಿನ ಪ್ಲಾಸ್ಟಿಕ್ ಟ್ಯಾಂಕೊಂದನ್ನು ಪಂಪಿಗಿಂತ ನಾಲ್ಕೈದು ಅಡಿ ಎತ್ತರದ ಕಟ್ಟೆಯ ಮೇಲಿಟ್ಟು, ಒಂದಿಂಚಿಗೆ ಕಡಿಮೆಯಿಲ್ಲದ ಪೈಪಿನಲ್ಲಿ ಇಳಿಸಿದರೆ ನೀರು ತಾನಾಗಿ ಪಂಪಿನ ಬಾಯಿಗೆ ಬರುತ್ತದೆ. ಬೋರ್‌ವೆಲ್ ನೀರಿನೊಂದಿಗೆ ಬರುವ ಗಾಳಿಯ ಗುಳ್ಳೆಗಳು ಟ್ಯಾಂಕಿನಲ್ಲೇ ಮೇಲೆದ್ದು ಹೋಗುತ್ತವೆ, ಮರಳು ತಳದಲ್ಲಿ ಕೂರುತ್ತದೆ. ಕೊಳವೆಯನ್ನು ತಳದಿಂದ ಒಂದು ಗೇಣು ಮೇಲೆ ಜೋಡಿಸಿದರಾಯಿತು. ಹೊಸ ಪಂಪಿನ ಬೆಲೆಯೊಂದಿಗೆ ಹೋಲಿಸಿದರೆ ಈ ಟ್ಯಾಂಕಿನ ಖರ್ಚು ನಗಣ್ಯ.

ಅದರ ಮುಂದೊಂದು ಸಣ್ಣ ಕಣ್ಣಿನ ಜಾಲರಿ ಇರಬೇಕು, ಅದನ್ನು ಪ್ರತಿದಿನ ಬೆಳಿಗ್ಗೆ ಕಳಚಿ ತೊಳೆಯಬೇಕು. ಪಿಸ್ಟನ್‌ಗಳ ಹೊದಿಕೆ ಪಿಂಗಾಣಿಯದು. ನೀರಿಗೆ ಸವೆಯದು, ಆದರೆ ಒಂದು ಚಿಟಿಕೆ ಮರಳು ಸಾಕು ಅದರ ಮೇಲೆ ಗೆರೆ ಎಳೆಯಲು. ಗೆರೆ ಬಿದ್ದ ಪಿಸ್ಟನ್ ಎಷ್ಟು ಹೊಸ ಸೀಲು ಹಾಕಿದರೂ ತಿಂದುಹಾಕುತ್ತದೆ. ಜಾಲರಿ ಕಟ್ಟಿಕೊಂಡು ನೀರು ಕಡಿಮೆ ಬರುತ್ತಿದೆಯೆಂದು ಜಾಲರಿಯನ್ನೇ ಕಿತ್ತೆಸೆದ ಅಂಗಡಿಗಳೂ ಇವೆ. ಕಣ್ಣಿಗೆ ಧೂಳು ಬೀಳುತ್ತದೆಂದು ರೆಪ್ಪೆ ಕೀಳಿಸಿಕೊಂಡ ಹಾಗೆ!

ಒಂದು ಕೂದಲೆಳೆಯ ಅಂತರ

ಎರಡನೆಯ ಜಾಗ ನಾಝಲ್. ಬೆರಳ ತುದಿಯಷ್ಟಿರುವ ಈ ಲೋಹದ ತುಣುಕನ್ನು ಕೆಡುವವರೆಗೂ ಯಾರೂ ಗಮನಿಸುವುದಿಲ್ಲ. ಅದು ಕೆಟ್ಟಿರುವುದೂ ಗೊತ್ತಾಗುವುದಿಲ್ಲ. 150 ಬಾರ್, 15 ಲೀಟರಿನ ಯಂತ್ರಕ್ಕೆ ಬೇಕಾದ ತೂತಿನ ವ್ಯಾಸ ಸುಮಾರು 1.4 ಮಿಲಿಮೀಟರ್. ನೀರಿನೊಂದಿಗೆ ಬರುವ ನುಣ್ಣನೆಯ ಮರಳು ದಿನದಿನವೂ ಅದನ್ನು ಉಜ್ಜುತ್ತದೆ. ವ್ಯಾಸದಲ್ಲಿ ಶೇ. 5ರಷ್ಟು, ಅಂದರೆ 0.07 ಮಿಲಿಮೀಟರ್, ಒಂದು ತಲೆಗೂದಲಿನ ದಪ್ಪದಷ್ಟು ಹಿಗ್ಗಿದರೂ ತೂತಿನ ವಿಸ್ತೀರ್ಣ ಶೇ. 10ರಷ್ಟು ಹೆಚ್ಚುತ್ತದೆ, ಒತ್ತಡ 150ರಿಂದ 124 ಬಾರ್‌ಗೆ ಇಳಿಯುತ್ತದೆ. ಮೋಟಾರು, ಪಂಪು, ವಿದ್ಯುತ್ತು ಎಲ್ಲವೂ ಮೊದಲಿನಂತೆಯೇ ಇವೆ. ಆದರೆ 20 ನಿಮಿಷದಲ್ಲಿ ಮುಗಿಯುತ್ತಿದ್ದ ಕಾರಿಗೆ ಈಗ 25 ನಿಮಿಷ ಬೇಕಾಗಿದೆ ಎಂದು ಕೆಲಸಗಾರನಿಗೆ ಮಾತ್ರ ಅನಿಸುತ್ತದೆ. ಮಾಲೀಕ ಆತನನ್ನು ಸೋಮಾರಿಯೆಂದು ಬೈಯುತ್ತಾನೆ.

ಬೈಗುಳದ ನಂತರದ ಹೆಜ್ಜೆ ಇನ್ನೂ ಅಪಾಯಕಾರಿ. ಪಂಪಿನ ಪಕ್ಕದಲ್ಲಿ ‘ಅನ್‌ಲೋಡರ್’ ಎಂಬ ವಾಲ್ವಿರುತ್ತದೆ. ಗನ್ನಿನ ಕುದುರೆ ಬಿಟ್ಟಾಗ, ದಾರಿ ಕಾಣದ ನೀರನ್ನು ಅದು ಪಂಪಿನ ಒಳಬಾಯಿಗೇ ಹಿಂದಿರುಗಿಸುತ್ತದೆ. ಒತ್ತಡ ಇಳಿದಿದೆಯೆಂದು ಕಂಡೊಡನೆ ಸ್ಪ್ಯಾನರ್ ಹಿಡಿದು ಈ ವಾಲ್ವನ್ನು ಬಿಗಿ ಮಾಡುವುದು ರೂಢಿ. ಸವೆದ ನಾಝಲ್ ಇರುವಾಗ ಬಿಗಿ ಮಾಡಿದರೆ ಮಾಪಕದ ಮುಳ್ಳು ಹೆಚ್ಚೇನೂ ಏರದು. ನೀರು ದೊಡ್ಡ ತೂತಿನಿಂದ ಸಲೀಸಾಗಿ ಹೋಗುತ್ತಿರುತ್ತದೆ. ಒಂದು ದಿನ ಯಾರೋ ಹೊಸ ನಾಝಲ್ ಹಾಕುತ್ತಾರೆ. ಆಗ ಬಿಗಿಯಾದ ವಾಲ್ವ್ ಹೊತ್ತಿಗೆ ಸರಿಯಾಗಿ ತೆರೆಯದೆ, ಏರಿದ ಒತ್ತಡಕ್ಕೆ ಪೈಪೋ ಸೀಲೋ ಒಡೆಯುತ್ತದೆ. ಒತ್ತಡ ಇಳಿದಾಗ ಮೊದಲು ನಾಝಲ್, ನಂತರ ಜಾಲರಿ, ಆಮೇಲೆ ಬೆಲ್ಟು, ಕೊನೆಗೆ ಪಂಪು. ಹುಡುಕುವ ಕ್ರಮ ಇದು. ಅನ್‌ಲೋಡರ್ ವಾಲ್ವನ್ನು ಮಾಪಕವಿಲ್ಲದೆ ಮುಟ್ಟಲೇಬಾರದು. ಒತ್ತಡದ ಮಾಪಕವೇ ಇಲ್ಲದ ಯಂತ್ರಗಳು ಸಾಕಷ್ಟಿವೆ, ಮೊದಲು ಅದನ್ನು ಹಾಕಿಸುವುದು ಒಳಿತು.

ನಾಝಲ್ಲಿನ ಬಣ್ಣಗಳಿಗೂ ಅರ್ಥವಿದೆ. ಕೆಂಪು ಎಂದರೆ ಸೊನ್ನೆ ಡಿಗ್ರಿ, ನೀರು ಸೂಜಿಯಂತೆ ಹೊರಡುತ್ತದೆ. ಹಳದಿ 15, ಹಸಿರು 25, ಬಿಳಿ 40 ಡಿಗ್ರಿಗಳ ಬೀಸಣಿಗೆ. ಕಪ್ಪು ಸಾಬೂನು ನೀರಿಗೆ. ಹಸಿರು ನಾಝಲನ್ನು ಒಂದಡಿ ದೂರದಲ್ಲಿ ಹಿಡಿದರೆ ನೀರಿನ ಪಟ್ಟಿ ಸುಮಾರು 13 ಸೆಂಟಿಮೀಟರ್ ಅಗಲವಿರುತ್ತದೆ, ಎರಡಡಿಯಲ್ಲಿ 26. ಅದೇ ಬಲ ಇಮ್ಮಡಿ ಅಗಲಕ್ಕೆ ಹರಡಿಹೋಗುವುದರಿಂದ ಪೆಟ್ಟು ಅರ್ಧವಾಗುತ್ತದೆ. ಹಾಗಾಗಿ ಎರಡಡಿಯಿಂದ ಒಂದಡಿಗೆ ಸರಿಯುವುದು ಪುಕ್ಕಟೆಯಾಗಿ ಯಂತ್ರದ ಶಕ್ತಿ ಹೆಚ್ಚಿಸಿದಂತೆಯೇ. ವಾಹನಗಳ ಮಟ್ಟಿಗೆ ಒಂದಡಿಗಿಂತ ಹತ್ತಿರ ಹೋಗುವುದು ತರವಲ್ಲ. ಬಣ್ಣ ಎದ್ದುಬರುತ್ತದೆ, ಟೈರಿನ ಪಕ್ಕೆಗೆ ಕಾಣದ ಗಾಯವಾಗುತ್ತದೆ, ರೇಡಿಯೇಟರಿನ ತೆಳು ತಗಡುಗಳು ಮಡಚಿಕೊಳ್ಳುತ್ತವೆ. ಕೆಂಪು ನಾಝಲನ್ನಂತೂ ಕಾರು ತೊಳೆಯುವ ಅಂಗಡಿಯಲ್ಲಿ ಇಡದಿರುವುದೇ ಲೇಸು.

ಎಣ್ಣೆ, ಬೆಲ್ಟು, ವಿದ್ಯುತ್ತು

ಪಂಪಿನ ಎಣ್ಣೆಯ ವಿಚಾರದಲ್ಲಿ ತಯಾರಕರ ಕೈಪಿಡಿಯೇ ಪ್ರಮಾಣ. ಹೊಸ ಪಂಪಿಗೆ ಮೊದಲ 50 ಗಂಟೆಯ ಕೆಲಸದ ನಂತರ, ಆಮೇಲೆ ಪ್ರತಿ 500 ಗಂಟೆಗೊಮ್ಮೆ ಎಣ್ಣೆ ಬದಲಿಸಬೇಕೆಂಬುದು ವೃತ್ತಿಪರ ಪಂಪುಗಳಲ್ಲಿ ಸಾಮಾನ್ಯ ನಿಯಮ. ದಿನಕ್ಕೆ 4 ಗಂಟೆ, ತಿಂಗಳಿಗೆ 25 ದಿನ ಓಡುವ ಅಂಗಡಿಯಲ್ಲಿ 500 ಗಂಟೆ ಎಂದರೆ ಐದೇ ತಿಂಗಳು. ವರ್ಷಕ್ಕೊಮ್ಮೆ ದಸರಾ ಪೂಜೆಯ ಹೊತ್ತಿಗೆ ಬದಲಿಸುವ ಪದ್ಧತಿ ಸಾಲದು. ಗಾಜಿನ ಕಿಂಡಿಯಲ್ಲಿ ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಸೀಲು ದಾಟಿ ನೀರು ಒಳಸೇರಿದೆಯೆಂದು ಅರ್ಥ. ಅಂದೇ ಯಂತ್ರ ನಿಲ್ಲಿಸಿದರೆ ಸೀಲಿನ ಸೆಟ್ಟಿನಲ್ಲಿ ಮುಗಿಯುತ್ತದೆ; ಭಾನುವಾರ ಗಿರಾಕಿ ಹೆಚ್ಚೆಂದು ಒಂದು ವಾರ ಓಡಿಸಿದರೆ ಬೇರಿಂಗು, ಕ್ರ್ಯಾಂಕುಗಳೂ ಸೇರಿಕೊಳ್ಳುತ್ತವೆ. ಪಂಪಿನಡಿ ನಿಮಿಷಕ್ಕೆ ಎರಡು ಮೂರು ಹನಿ ತೊಟ್ಟಿಕ್ಕುವುದು ದೋಷವಲ್ಲ, ಅದಕ್ಕಿಂತ ಹೆಚ್ಚಾದರೆ ಸೀಲಿನ ಕಾಲ ಮುಗಿದಿದೆ.

ಗನ್ನಿನ ಕುದುರೆ ಬಿಟ್ಟು ಗಿರಾಕಿಯೊಂದಿಗೆ ಮಾತಿಗೆ ನಿಲ್ಲುವುದು ಪಂಪಿನ ಇನ್ನೊಂದು ಶತ್ರು. ಆಗ ಅದೇ ಸ್ವಲ್ಪ ನೀರು ಒಳಗೇ ಸುತ್ತುತ್ತಾ ಬಿಸಿಯಾಗುತ್ತದೆ. 60 ಡಿಗ್ರಿ ಸೆಲ್ಸಿಯಸ್ ದಾಟಿದ ನೀರಿಗೆ ತಣ್ಣೀರು ಪಂಪಿನ ರಬ್ಬರು ಸೀಲುಗಳು ಗಟ್ಟಿಯಾಗಿ ಬಿರುಕು ಬಿಡುತ್ತವೆ. ಎರಡು ನಿಮಿಷಕ್ಕೂ ಹೆಚ್ಚು ಹೊತ್ತು ಗನ್ನು ಬಿಡುವುದಾದರೆ ಮೋಟಾರನ್ನೇ ಆರಿಸಬೇಕು. ಇದರ ಗೊಡವೆಯೇ ಬೇಡವೆಂದು ಕುದುರೆಯನ್ನು ತಂತಿಯಿಂದ ಕಟ್ಟಿಬಿಡುವ ಜಾಣರಿದ್ದಾರೆ. ಕೈಜಾರಿದ ಗನ್ನು ಹಾವಿನಂತೆ ಹೊರಳಾಡಿ ಹತ್ತಿರದವರ ಕಣ್ಣಿಗೇ ಬಡಿಯಬಹುದು ಎಂಬುದು ಅವರಿಗೆ ಹೊಳೆದಿರುವುದಿಲ್ಲ.

ಬೆಲ್ಟು ಸಡಿಲವಾದರೆ ಒತ್ತಡ ಏರಿಳಿಯುತ್ತದೆ. ವಿಪರೀತ ಬಿಗಿಯಾದರೆ ಬೇರಿಂಗು ಹೋಗುತ್ತದೆ. ವೇಗ ಹೆಚ್ಚಿಸಲು ಪುಲ್ಲಿಯ ಗಾತ್ರ ಬದಲಿಸುವ ಪ್ರಯೋಗವನ್ನು ಮಾಡಕೂಡದು. ವಿದ್ಯುತ್ತಿನ ವೋಲ್ಟೇಜು ಕುಸಿದಾಗ ಮೋಟಾರು ಅದೇ ಕೆಲಸಕ್ಕೆ ಹೆಚ್ಚು ಕರೆಂಟು ಎಳೆದು ಕಾಯುತ್ತದೆ, ಮೂರರಲ್ಲಿ ಒಂದು ಫೇಸು ಹೋದರೆ ಕೆಲವೇ ನಿಮಿಷಗಳಲ್ಲಿ ವೈಂಡಿಂಗು ಸುಟ್ಟುಹೋಗುತ್ತದೆ. ಸ್ಟಾರ್ಟರಿನಲ್ಲಿ ಇದನ್ನು ತಡೆಯುವ ಪ್ರಿವೆಂಟರ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಒಮ್ಮೆ ನೋಡಿಸಿಕೊಳ್ಳುವುದು ಅಗತ್ಯ.

ಸಾಬೂನಿಗೆ ಸಮಯ ಕೊಡಿ

ಜರ್ಮನಿಯ ಹರ್ಬರ್ಟ್ ಸಿನ್ನರ್ ಎಂಬ ರಸಾಯನತಜ್ಞರು 1959ರಲ್ಲಿ ಶುಚಿಗೊಳಿಸುವ ಕೆಲಸವನ್ನು ನಾಲ್ಕು ಭಾಗಗಳಾಗಿ ವಿವರಿಸಿದರು: ರಾಸಾಯನಿಕ, ಬಲ, ಶಾಖ ಮತ್ತು ಸಮಯ. ಒಂದನ್ನು ತಗ್ಗಿಸಿದರೆ ಉಳಿದವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಲೇಬೇಕು. ನಮ್ಮ ಮನೆಗಳಲ್ಲಿ ಸೀದ ಪಾತ್ರೆಗೆ ನೀರು ಹಾಕಿ ನೆನೆಯಲು ಬಿಡುವವರಿಗೆ ಈ ತತ್ವ ಹೊಸದಲ್ಲ. ಆದರೆ ವಾಟರ್ ಸರ್ವಿಸ್‌ನಲ್ಲಿ ನಾವು ಬಲವೊಂದನ್ನೇ ನೆಚ್ಚಿಕೊಂಡಿದ್ದೇವೆ. ಫೋಮ್ ಎರಚಿ ಅರೆ ನಿಮಿಷದಲ್ಲಿ ತೊಳೆದುಬಿಟ್ಟರೆ ನೊರೆ ನೋಡಲು ಚೆಂದ, ಕೆಲಸಕ್ಕೆ ದಂಡ. ಮೊದಲು ಮಣ್ಣನ್ನು ಬರೀ ನೀರಿನಲ್ಲಿ ಇಳಿಸಿ, ಸಾಬೂನನ್ನು ಕೆಳಗಿನಿಂದ ಮೇಲಕ್ಕೆ ಹಚ್ಚಿ, ನೆರಳಿನಲ್ಲಿ ಮೂರರಿಂದ ಐದು ನಿಮಿಷ ಬಿಟ್ಟು, ಒಣಗುವ ಮುನ್ನ ಮೇಲಿನಿಂದ ಕೆಳಕ್ಕೆ ತೊಳೆದರೆ ಗನ್ನು ಹಿಡಿಯುವ ಹೊತ್ತು ಗಣನೀಯವಾಗಿ ಇಳಿಯುತ್ತದೆ. ಕಾಯುವ ಆ ಐದು ನಿಮಿಷ ವ್ಯರ್ಥವಾಗಬೇಕಿಲ್ಲ. ಎರಡು ವಾಹನಗಳಿಗೆ ಜಾಗವಿದ್ದರೆ ಒಂದು ನೆನೆಯುತ್ತಿರುವಾಗ ಇನ್ನೊಂದನ್ನು ತೊಳೆಯಬಹುದು. ಹೊಸ ಯಂತ್ರ ಕೊಳ್ಳದೆಯೇ ದಿನಕ್ಕೆ ನಾಲ್ಕಾರು ವಾಹನ ಹೆಚ್ಚು ತೊಳೆಯಲು ಇದಕ್ಕಿಂತ ಒಳ್ಳೆಯ ಉಪಾಯವನ್ನು ಈ ಲೇಖಕ ಕಾಣೆ.

ತೊಳೆದ ಮೇಲೆ ಅಡಿಭಾಗಕ್ಕೆ ಡೀಸೆಲ್ ಸಿಂಪಡಿಸುವ ಹಳೆಯ ಪದ್ಧತಿ ಇನ್ನೂ ಹೋಗಿಲ್ಲ. ಕಪ್ಪಗೆ ಮಿರುಗುತ್ತದೆಂದು ಗಿರಾಕಿಗೆ ಸಂತೋಷ. ಆದರೆ ಡೀಸೆಲ್ ರಬ್ಬರಿನ ಬುಷ್‌ಗಳನ್ನು ಮೆತ್ತಗಾಗಿಸುತ್ತದೆ, ಮೇಲೆ ಧೂಳನ್ನು ಹಿಡಿದಿಡುತ್ತದೆ, ಉಳಿದದ್ದು ಚರಂಡಿ ಸೇರುತ್ತದೆ. ಇದನ್ನು ಬಿಡುವುದೇ ಉಳಿತಾಯ.

ಕರಾವಳಿ, ಮಲೆನಾಡುಗಳಲ್ಲಿ ಇದೇ ಯಂತ್ರಕ್ಕೆ ಬೇರೆಯದೇ ಕೆಲಸ. ಮಳೆಗಾಲ ಕಳೆದೊಡನೆ ಹಾವಸೆಗಟ್ಟಿದ ಅಂಗಳ, ಕೆಂಪುಕಲ್ಲಿನ ಆವರಣಗೋಡೆ, ಇಂಟರ್‌ಲಾಕ್ ನೆಲಗಳನ್ನು ತೊಳೆದುಕೊಡುವವರಿಗೆ ಈಚೆಗೆ ಬೇಡಿಕೆ ಬಂದಿದೆ. ಬರಿಯ ಗನ್ನಿನಲ್ಲಿ ಅಂಗಳ ತೊಳೆದರೆ ಪಟ್ಟೆಪಟ್ಟೆಯಾಗಿ ಕಾಣುತ್ತದೆ. ತಟ್ಟೆಯಡಿ ಎರಡು ನಾಝಲ್‌ಗಳು ಗಿರಗಿರ ತಿರುಗುವ ಉಪಕರಣವೊಂದು ಸಿಗುತ್ತದೆ. ಸಮತಟ್ಟಾದ ನೆಲಕ್ಕೆ ಅದು ಹಲವು ಪಟ್ಟು ವೇಗ. ಇಂಟರ್‌ಲಾಕ್ ಸಂದುಗಳ ಮರಳು ಎದ್ದುಹೋಗುವುದರಿಂದ ಮತ್ತೆ ಮರಳು ತುಂಬುವ ಕೂಲಿಯನ್ನೂ ಮೊದಲೇ ಮಾತನಾಡಿಕೊಳ್ಳಬೇಕು. ಮಂಗಳೂರು ಹಂಚಿನ ಮಾಡಿಗೆ ಮಾತ್ರ ಈ ಯಂತ್ರ ಹತ್ತಿಸಬೇಡಿ. ಮಳೆಯ ನೀರು ಇಳಿಯುವಂತೆ ಹೊದಿಸಿದ ಹಂಚುಗಳ ಸಂದಿಗೆ ಕೆಳಗಿನಿಂದ ನೀರು ನುಗ್ಗಿದರೆ ಪಕಾಸು ರೀಪುಗಳೆಲ್ಲ ನೆನೆಯುತ್ತವೆ. ಜಾರುವ ಮಾಡಿನ ಮೇಲೆ, ಕೈಯಲ್ಲಿ ನಾಲ್ಕು ಕಿಲೋ ಭಾರದಷ್ಟು ಹಿಂದಕ್ಕೆ ಒದೆಯುವ ಗನ್ನು ಹಿಡಿದು ನಿಲ್ಲುವುದು ಜೀವಕ್ಕೂ ಅಪಾಯ. ಅಡಿಕೆಗೆ ಬೋರ್ಡೋ ದ್ರಾವಣ ಸಿಂಪಡಿಸಿದ ಪಂಪಿನಲ್ಲೇ ಅಂಗಳ ತೊಳೆಯುವ ಕೃಷಿಕರೂ ಇದ್ದಾರೆ. ತಪ್ಪೇನಿಲ್ಲ. ಮೈಲುತುತ್ತು, ಸುಣ್ಣಗಳ ಶೇಷ ಒಳಗುಳಿದರೆ ಲೋಹವನ್ನು ತಿನ್ನುವುದರಿಂದ ಸಿಂಪಡಣೆ ಮುಗಿದ ದಿನವೇ ಶುದ್ಧ ನೀರು ಹಾಯಿಸಬೇಕು ಅಷ್ಟೆ.

ನೀರಿನ ಬೆಲೆ

2024ರ ಮಾರ್ಚ್‌ನಲ್ಲಿ ಬೆಂಗಳೂರು ನಗರ ಜಿಲ್ಲಾಡಳಿತ ಖಾಸಗಿ ಟ್ಯಾಂಕರುಗಳಿಗೆ ದರ ನಿಗದಿ ಮಾಡಿದಾಗ, 5 ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದಿತ್ತು. ಲೀಟರಿಗೆ 10 ಪೈಸೆ. ಒಂದು ಕಾರಿಗೆ 150 ಲೀಟರ್ ಬಳಸಿದರೆ 15 ರೂಪಾಯಿ. ತೊಳೆಯುವ ಕೂಲಿಯೆದುರು ಇದು ಅಲ್ಪ ಮೊತ್ತವಾದ್ದರಿಂದಲೇ ನೀರುಳಿಸುವ ಮಾತು ಅಂಗಡಿಯವರ ಕಿವಿಗೆ ಹೋಗುವುದಿಲ್ಲ. ಆದರೆ ಟ್ಯಾಂಕರೇ ಬಾರದ ದಿನ ಲೆಕ್ಕ ಬದಲಾಗುತ್ತದೆ. ಅಂದು ನಷ್ಟವಾಗುವುದು 15 ರೂಪಾಯಿಯಲ್ಲ, ಇಡೀ ದಿನದ ದುಡಿಮೆ. 6,000 ಲೀಟರಿನಲ್ಲಿ 40 ಕಾರು ತೊಳೆಯುವವರಿಗೂ, ನೆನೆಸಿ ತೊಳೆಯುವ ಕ್ರಮದಿಂದ ಅಷ್ಟೇ ನೀರಿನಲ್ಲಿ 60 ಕಾರು ತೊಳೆಯುವವರಿಗೂ ಬರಗಾಲದಲ್ಲಿ ವ್ಯತ್ಯಾಸ ತಿಳಿಯುತ್ತದೆ.

ತೊಳೆದ ನೀರನ್ನು ಮೂರು ಅಂಕಣದ ಗುಂಡಿಯಲ್ಲಿ ಹಾಯಿಸಿ, ಮೊದಲನೆಯದರಲ್ಲಿ ಕೆಸರು ಕೂರಿಸಿ, ಎರಡನೆಯದರಲ್ಲಿ ತೇಲುವ ಎಣ್ಣೆ ತೆಗೆದು, ಮೂರನೆಯದರಿಂದ ಮರುಬಳಸುವುದು ಸಾಧ್ಯ. ಎಚ್ಚರಿಕೆಯೊಂದೇ: ಆ ನೀರನ್ನು ಪಿಸ್ಟನ್ ಪಂಪಿಗೆ ಕೊಡಕೂಡದು. ಬೇರೆ ಸಾದಾ ಮೋಟಾರಿನಿಂದ ಚಕ್ರ, ಅಡಿಭಾಗಗಳ ಮೊದಲ ಮಣ್ಣಿಳಿಸಲು ಬಳಸಿ, ಕೊನೆಯ ತೊಳೆತಕ್ಕೆ ಶುದ್ಧ ನೀರು ಹಿಡಿಯಬೇಕು.

ಮಾಡಿನ ಮೇಲಿನ ಮಳೆಯನ್ನಂತೂ ಚರಂಡಿಗೆ ಬಿಡುವುದು ನಷ್ಟವೇ ಸರಿ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. 1,000 ಚದರಡಿಯ ತಗಡಿನ ಮಾಡಿನಿಂದ, ಐದರಲ್ಲೊಂದು ಪಾಲು ನಷ್ಟವೆಂದು ಬಿಟ್ಟರೂ, 70 ಸಾವಿರ ಲೀಟರಿನಷ್ಟು ನೀರು ಇಳಿಯುತ್ತದೆ. ಎಲ್ಲವನ್ನೂ ಹಿಡಿದಿಡಲು ಅಷ್ಟು ದೊಡ್ಡ ಸಂಪು ಯಾರಲ್ಲೂ ಇರದು ನಿಜ, ಹಿಡಿದಷ್ಟೂ ಲಾಭ. ಮಳೆನೀರು ಮೆದು. ಬೋರ್‌ವೆಲ್ಲಿನ ಗಡಸು ನೀರು ಒಣಗಿದಾಗ ಕಪ್ಪು ಕಾರಿನ ಮೇಲೆ ಬಿಳಿಯ ಚುಕ್ಕೆ ಬಿಡುತ್ತದೆ, ನಾಝಲ್ಲಿನೊಳಗೆ ಸುಣ್ಣದ ಪದರ ಕಟ್ಟುತ್ತದೆ. ಮಳೆನೀರಿಗೆ ಆ ಕಾಟವಿಲ್ಲ, ಸಾಬೂನೂ ಕಡಿಮೆ ಸಾಕು. ಗಡಸು ನೀರೇ ಗತಿಯಾದವರು ತಿಂಗಳಿಗೊಮ್ಮೆ ನಾಝಲನ್ನು ನಿಂಬೆಹುಳಿಯ ಪುಡಿ ಕಲಸಿದ ನೀರಿನಲ್ಲಿ ನೆನೆಸಿಟ್ಟರೆ ಸುಣ್ಣ ಬಿಡುತ್ತದೆ. ತಂತಿ ತೂರಿಸಿ ಕೆರೆದರೆ ತೂತು ಹಿಗ್ಗೀತು.

ಸಣ್ಣ ಗಾಯವೆಂದು ಬಿಡಬೇಡಿ

ಒದ್ದೆ ನೆಲ, ಒದ್ದೆ ಕೈ, ಎಳೆದಾಡಿ ಹೊದಿಕೆ ಸವೆದ ವಿದ್ಯುತ್ ತಂತಿ. ಈ ಮೂರೂ ಒಟ್ಟಿಗೆ ಸೇರುವ ಇಂಥ ಜಾಗ ಇನ್ನೊಂದಿಲ್ಲ. ಸರಿಯಾದ ಅರ್ಥಿಂಗ್, 30 ಮಿಲಿ ಆಂಪಿಯರ್ ಸೋರಿಕೆಗೇ ಕಡಿದುಹೋಗುವ ಸ್ವಿಚ್ಚು, ರಬ್ಬರ್ ಬೂಟು ಇಲ್ಲದ ಅಂಗಡಿ ಎಷ್ಟೇ ಲಾಭ ಮಾಡಿದರೂ ಅದು ಕೆಲಸಗಾರನ ಜೀವವನ್ನು ಒತ್ತೆಯಿಟ್ಟು ಮಾಡಿದ್ದು. ಆ ಸ್ವಿಚ್ಚಿನ ಮೇಲೆ ‘ಟೆಸ್ಟ್’ ಎಂಬ ಗುಂಡಿಯಿರುತ್ತದೆ. ತಿಂಗಳಿಗೊಮ್ಮೆ ಒತ್ತಿದಾಗ ಅದು ಬೀಳದಿದ್ದರೆ ಬದಲಿಸಬೇಕು.

ಇನ್ನೊಂದು ಅಪಾಯ ಹೆಚ್ಚಿನವರಿಗೆ ಗೊತ್ತಿಲ್ಲ. ಹತ್ತಿರದಿಂದ ತಗುಲಿದ ನೀರಿನ ಧಾರೆ ಚರ್ಮವನ್ನು ಭೇದಿಸಿ, ಕೊಳಕು, ಸಾಬೂನು, ಎಣ್ಣೆಗಳನ್ನೆಲ್ಲ ಮಾಂಸದೊಳಗೆ ಹೊಗಿಸುತ್ತದೆ. ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ. ನೋವೂ ಮೊದಲಿಗೆ ಅಲ್ಪ. ಅರಿಸಿನ ಹಚ್ಚಿ ಕೆಲಸ ಮುಂದುವರಿಸಿದವನ ಬೆರಳು ಮರುದಿನ ಕೈಬಿಟ್ಟುಹೋಗುವ ಸ್ಥಿತಿಗೆ ಬರಬಹುದು. ಇದು ತಕ್ಷಣ ಶಸ್ತ್ರಚಿಕಿತ್ಸೆ ಬೇಕಾಗಬಹುದಾದ ತುರ್ತು ಸ್ಥಿತಿ. ಆಸ್ಪತ್ರೆಗೆ ಹೋದಾಗ ‘ಒತ್ತಡದ ನೀರು ಚರ್ಮದೊಳಗೆ ಹೊಕ್ಕಿದೆ’ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಸೋರುವ ಪೈಪನ್ನು ಬೆರಳಿನಿಂದ ಮುಟ್ಟಿ ತೂತು ಹುಡುಕುವ ಅಭ್ಯಾಸವನ್ನು ಇಂದೇ ಬಿಡಿ. ರಟ್ಟಿನ ಚೂರು ಹಿಡಿದು ನೋಡಿದರೆ ಸಾಕು. ಹೊರಗಿನ ರಬ್ಬರು ಸವೆದು ಒಳಗಿನ ಉಕ್ಕಿನ ಹೆಣಿಗೆ ಕಾಣುವ ಪೈಪಿಗೆ ಟೇಪು ಸುತ್ತುವುದು ಪರಿಹಾರವಲ್ಲ.

ಸಂಜೆ ಅಂಗಡಿ ಮುಚ್ಚುವಾಗಿನ ಕ್ರಮವೂ ಐದೇ ನಿಮಿಷದ್ದು. ಸಾಬೂನಿನ ಕೊಳವೆಯಲ್ಲಿ ಬರೀ ನೀರು ಹಾಯಿಸಿ, ಮೋಟಾರು ಆರಿಸಿ, ನೀರಿನ ಗೇಟು ಮುಚ್ಚಿ, ಗನ್ನಿನ ಕುದುರೆ ಒತ್ತಿ ಉಳಿದ ಒತ್ತಡವನ್ನು ಹೊರಬಿಡಬೇಕು. ಪೈಪನ್ನು ಮಡಿಕೆ ಬೀಳದಂತೆ ಸುರುಳಿ ಸುತ್ತಿ ನೇತುಹಾಕಬೇಕು. ನಂತರ ಗೋಡೆಗೆ ಕಟ್ಟಿದ ನೋಟ್‌ಬುಕ್ಕಿನಲ್ಲಿ ಒಂದು ಸಾಲು: ದಿನಾಂಕ, ಯಂತ್ರ ಓಡಿದ ಗಂಟೆ, ಮಾಪಕದಲ್ಲಿ ಕಂಡ ಒತ್ತಡ, ತೊಳೆದ ವಾಹನ, ಬಳಸಿದ ನೀರು. ಎಣ್ಣೆ ಬದಲಿಸಿದ ದಿನಕ್ಕೆ ಕೆಂಪು ಗೆರೆ. ಎರಡು ತಿಂಗಳ ಹಾಳೆಗಳನ್ನು ತಿರುವಿದರೆ, ಒತ್ತಡ 150ರಿಂದ 140ಕ್ಕೆ, 140ರಿಂದ 130ಕ್ಕೆ ಇಳಿಯುತ್ತಾ ಬಂದದ್ದು, ಅದರೊಂದಿಗೆ ಪ್ರತಿ ವಾಹನದ ನೀರು ಏರುತ್ತಾ ಹೋದದ್ದು ಕಣ್ಣಿಗೆ ಕಾಣುತ್ತದೆ. ನಾಝಲ್ ಬದಲಿಸುವ ದಿನವನ್ನು ಆ ಪುಸ್ತಕವೇ ಹೇಳುತ್ತದೆ. ಹಳೆಯ ಯಂತ್ರ ಕೊಳ್ಳಲು ಹೋಗುವವರು ಮಾರುವವರನ್ನು ಮೊದಲು ಕೇಳಬೇಕಾದದ್ದೂ ಅದನ್ನೇ. ಪುಸ್ತಕವಿಲ್ಲವೆಂದರೆ ಎಣ್ಣೆಯ ಕಿಂಡಿಗೊಮ್ಮೆ ಟಾರ್ಚು ಹಿಡಿದು ನೋಡಿ, ಆಮೇಲೆ ಬೆಲೆಯ ಮಾತಾಡಿ.